ಪರೇಲಿನ ಪ್ರಯೋಗಾಲಯದ ಮಹಾನುಭಾವ: ಡಾ. ವಾಲ್ಡೆಮಾರ್ ಹಾಫ್‌ಕಿನ್

ಮುಂಬಯಿ ಕನ್ನಡಿಗರಾದ ನಮಗೆ ಪರೇಲ್ ಹೊಸ ಸ್ಥಳವಲ್ಲ. ಊರಿನಿಂದ ಚಿಕಿತ್ಸೆಗೆಂದು ಬಂದ ಬಂಧುಗಳನ್ನು ಟಾಟಾ ಸ್ಮಾರಕ ಆಸ್ಪತ್ರೆಗೋ ಕೆ.ಇ.ಎಂ. ಆಸ್ಪತ್ರೆಗೋ ಕರೆದೊಯ್ಯದ ಕುಟುಂಬ ನಮ್ಮಲ್ಲಿ ವಿರಳ. ಅದೇ ಪರಿಸರದ ಆಚಾರ್ಯ ದೋಂದೆ ಮಾರ್ಗದಲ್ಲಿ ಒಂದು ಹಳೆಯ ಭವ್ಯ ಕಟ್ಟಡವಿದೆ. ಒಂದು ಕಾಲಕ್ಕೆ ಮುಂಬಯಿ ಪ್ರಾಂತ್ಯದ ಗವರ್ನರರ ನಿವಾಸವಾಗಿದ್ದ ಆ ಕಟ್ಟಡವೇ ಇಂದಿನ ಹಾಫ್‌ಕಿನ್ ಸಂಸ್ಥೆ. ಪೋಲಿಯೋ ಹನಿ, ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷ ಮುಂತಾದವುಗಳೊಂದಿಗೆ ಆ ಹೆಸರನ್ನು ನಾವು ಕೇಳಿರುತ್ತೇವೆ. ಆದರೆ ಹಾಫ್‌ಕಿನ್ ಎಂಬುದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ನಮ್ಮ ಹಿರಿಯರ ತಲೆಮಾರನ್ನು ಮಹಾಮಾರಿಯಿಂದ ಕಾಪಾಡಲು ಹೆಣಗಿದವರು, ಕೊನೆಗೆ ತಾವು ಮಾಡದ ತಪ್ಪಿಗೆ ದೋಷಿಯೆನಿಸಿ ನೊಂದವರು ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ.

ಆರೋಗ್ಯವೆಂಬುದು ಔಷಧದಿಂದಷ್ಟೇ ಬರುವುದಲ್ಲ. ಔಷಧ ಕೊಡುವವರ ಮೇಲೆ ಜನರಿಗಿರುವ ವಿಶ್ವಾಸದಿಂದಲೂ ಬರುತ್ತದೆ. ಆ ವಿಶ್ವಾಸವನ್ನು ಹೇಗೆ ಗಳಿಸಬೇಕು, ಅದು ಒಂದೇ ದಿನದಲ್ಲಿ ಹೇಗೆ ಕುಸಿಯಬಲ್ಲದು ಎಂಬುದಕ್ಕೆ ಹಾಫ್‌ಕಿನ್ ಅವರ ಬಾಳು ಒಂದು ನಿದರ್ಶನ. ಆದ್ದರಿಂದಲೇ ಅವರ ಜೀವನವೃತ್ತಾಂತವನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಒಡೆಸಾದಿಂದ ಪ್ಯಾರಿಸ್‌ವರೆಗೆ

ವಾಲ್ಡೆಮಾರ್ ಹಾಫ್‌ಕಿನ್ ಅವರು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ದಂಡೆಯಲ್ಲಿರುವ ಒಡೆಸಾ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಈಗ ಯುಕ್ರೇನ್ ದೇಶಕ್ಕೆ ಸೇರಿರುವ ಈ ಬಂದರು ನಗರ ಅಂದು ರಷ್ಯಾದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸುವಾಗ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕಾಫ್. ದೇಹದೊಳಕ್ಕೆ ನುಗ್ಗಿದ ರೋಗಾಣುಗಳನ್ನು ರಕ್ತದ ಕಣಗಳು ನುಂಗಿ ಹಾಕುವ ಬಗೆಯನ್ನು ತೋರಿಸಿಕೊಟ್ಟು ಮುಂದೆ 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಇವರೇ.

ಆ ಕಾಲದ ರಷ್ಯಾದಲ್ಲಿ ಯಹೂದಿಗಳ ಬಾಳು ಸುಖಕರವಾಗಿರಲಿಲ್ಲ. 1881ರಲ್ಲಿ ಯಹೂದಿಗಳ ಮನೆಗಳ ಮೇಲೆ ದೊಂಬಿಗಳು ನಡೆದಾಗ ತರುಣ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಸೆರೆಯಾದರು. ಮೆಚ್ನಿಕಾಫ್ ಅವರ ಮಧ್ಯಪ್ರವೇಶದಿಂದ ಅವರ ಬಿಡುಗಡೆಯಾಯಿತು. ಪದವಿಯ ನಂತರ ಪ್ರಾಧ್ಯಾಪಕ ಹುದ್ದೆಗೆ ಅವರಲ್ಲಿ ಎಲ್ಲ ಅರ್ಹತೆಯೂ ಇತ್ತು. ಆದರೆ ಅದಕ್ಕಾಗಿ ಕ್ರೈಸ್ತ ಮತವನ್ನು ಸ್ವೀಕರಿಸಬೇಕಾಗಿತ್ತು. ಹಾಫ್‌ಕಿನ್ ಒಪ್ಪಲಿಲ್ಲ. ಹುಟ್ಟಿದ ಧರ್ಮವನ್ನು ಹುದ್ದೆಗಾಗಿ ಬಿಡಲಾರದ ಅವರು 1888ರಲ್ಲಿ ದೇಶವನ್ನೇ ಬಿಟ್ಟರು.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕೆಲಕಾಲ ಅಧ್ಯಾಪನ ಮಾಡಿ, 1889ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಗುರು ಮೆಚ್ನಿಕಾಫ್ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು. ಶಿಷ್ಯನಿಗೆ ಖಾಲಿ ಇದ್ದ ಕೆಲಸ ಗ್ರಂಥಪಾಲಕನದು. ಅದನ್ನೇ ಸಂತೋಷದಿಂದ ಒಪ್ಪಿಕೊಂಡ ಹಾಫ್‌ಕಿನ್, ಬಿಡುವಿನ ವೇಳೆಯನ್ನೆಲ್ಲ ಪ್ರಯೋಗಾಲಯದಲ್ಲಿ ಕಳೆಯತೊಡಗಿದರು. ಅವರು ಆರಿಸಿಕೊಂಡ ವಿಷಯ ಕಾಲರಾ. ಆ ರೋಗ ಆಗ ಏಷ್ಯಾ ಮತ್ತು ಯೂರೋಪುಗಳಲ್ಲಿ ಮತ್ತೆ ಮತ್ತೆ ತಾಂಡವವಾಡುತ್ತಿತ್ತು.

1892ರ ಜುಲೈ ತಿಂಗಳ ಹೊತ್ತಿಗೆ ಕಾಲರಾ ವಿರುದ್ಧದ ಲಸಿಕೆ ಸಿದ್ಧವಾಯಿತು. ಪ್ರಾಣಿಗಳ ಮೇಲೆ ಅದು ಫಲಿಸಿತ್ತು. ಮನುಷ್ಯರ ಮೇಲೆ ಪರೀಕ್ಷಿಸುವುದು ಹೇಗೆ? ಹಾಫ್‌ಕಿನ್ ಇದಕ್ಕೆ ಕಂಡುಕೊಂಡ ಉತ್ತರ ಸರಳವಾಗಿತ್ತು. ಜುಲೈ 18ರಂದು ಲಸಿಕೆಯನ್ನು ತಾವೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು; ಬೇರಾವ ಅಪಾಯವೂ ಆಗಲಿಲ್ಲ. ಅನಂತರವೇ ತಮ್ಮ ಶೋಧವನ್ನು ವಿದ್ವಾಂಸರ ಮುಂದೆ ಮಂಡಿಸಿದರು.

ಭಾರತಕ್ಕೆ ಆಗಮನ

ಲಸಿಕೆಯನ್ನು ಮೊದಲು ತಮ್ಮ ಜನ್ಮಭೂಮಿಗೇ ಕೊಡಬೇಕೆಂದು ಹಾಫ್‌ಕಿನ್ ಬಯಸಿದ್ದರು. ರಷ್ಯಾ ಸರಕಾರ ಅದನ್ನು ಸ್ವೀಕರಿಸಲಿಲ್ಲ. ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವರು ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್. ಕಾಲರಾದ ತವರೆನಿಸಿದ ಬಂಗಾಳಕ್ಕೆ ಹೋಗಿ ಪರೀಕ್ಷಿಸುವಂತೆ ಅವರು ಸೂಚಿಸಿದರು. ಹೀಗೆ 1893ರ ಮಾರ್ಚ್ ತಿಂಗಳಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಹಾಫ್‌ಕಿನ್ ಕಲಕತ್ತೆಗೆ ಬಂದಿಳಿದರು.

ಪರಕೀಯನೊಬ್ಬ ಬಂದು ಸೂಜಿ ಚುಚ್ಚುತ್ತೇನೆಂದರೆ ಜನ ಹೆದರುವುದು ಸಹಜ. ಕಲಕತ್ತೆಯ ಬಡ ಬಸ್ತಿಗಳಲ್ಲಿ ಅವರಿಗೆ ಆರಂಭದಲ್ಲಿ ಪ್ರತಿರೋಧವೇ ಎದುರಾಯಿತು. ಹಾಫ್‌ಕಿನ್ ಬಲಪ್ರಯೋಗವನ್ನು ಬಯಸಿದವರಲ್ಲ. ಬಂಗಾಳಿ ವೈದ್ಯರನ್ನೇ ಜತೆಗೆ ಕರೆದುಕೊಂಡು ಹೋಗಿ, ಜನರ ಭಾಷೆಯಲ್ಲಿ ವಿಷಯವನ್ನು ತಿಳಿಯಹೇಳಿಸಿ, ಜನರ ಕಣ್ಣೆದುರಿಗೇ ತಾವು ಚುಚ್ಚಿಸಿಕೊಂಡು ತೋರಿಸಿ, ಒಪ್ಪಿದವರಿಗೆ ಮಾತ್ರ ಲಸಿಕೆ ಹಾಕುತ್ತಿದ್ದರು. 1894ರ ವಸಂತದಲ್ಲಿ ಕಾಟ್ಟಾಲ್ ಬಾಗಾನ್ ಎಂಬ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಅಲ್ಲಿದ್ದ ಸುಮಾರು 200 ಮಂದಿಯಲ್ಲಿ 116 ಮಂದಿ ಲಸಿಕೆ ಪಡೆದರು. ಬಳಿಕ ಆ ಬಸ್ತಿಯಲ್ಲಿ ಕಾಯಿಲೆ ಬಿದ್ದವರೆಲ್ಲರೂ ಲಸಿಕೆ ಪಡೆಯದವರೇ ಆಗಿದ್ದರು. ಈ ಸುದ್ದಿ ಒಂದು ಬಸ್ತಿಯಿಂದ ಇನ್ನೊಂದಕ್ಕೆ ತಾನಾಗಿಯೇ ಹಬ್ಬಿತು. ಆಗ್ರಾದಿಂದ ಅಸ್ಸಾಮಿನ ಚಹಾ ತೋಟಗಳವರೆಗೆ ಸಂಚರಿಸಿ, ಎರಡು ಎರಡೂವರೆ ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅವರು ಲಸಿಕೆ ನೀಡಿದರು. ಈ ಅಲೆದಾಟದಲ್ಲಿ ಮಲೇರಿಯಾ ಜ್ವರಕ್ಕೆ ತುತ್ತಾಗಿ 1895ರಲ್ಲಿ ಇಂಗ್ಲೆಂಡಿಗೆ ತೆರಳಬೇಕಾಯಿತು. ಚೇತರಿಸಿಕೊಂಡು 1896ರಲ್ಲಿ ಮರಳಿ ಬಂದರು.

ಮುಂಬಯಿಯ ಮಹಾಮಾರಿ

ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿಯ ಬಂದರಿನ ಬಳಿಯ ಮಾಂಡವಿ ಪ್ರದೇಶದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಗೋವಾ ಮೂಲದ ಡಾ. ಅಕಾಸಿಯೋ ವಿಯೆಗಸ್. ಧಾನ್ಯದ ಗೋದಾಮುಗಳು, ಗಾಳಿ ಬೆಳಕಿಲ್ಲದ ಚಾಳುಗಳು, ಕಿಕ್ಕಿರಿದ ಜನವಸತಿ ಇವೆಲ್ಲ ಕೂಡಿ ರೋಗಕ್ಕೆ ಎಡೆಮಾಡಿಕೊಟ್ಟವು. ಮೊದಲು ಇಲಿಗಳು ಸಾಯುವುದು, ಅನಂತರ ಮನುಷ್ಯರಿಗೆ ತೀವ್ರ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಮರಣ. ಭಯಭೀತರಾದ ಜನ ಹಡಗು, ರೈಲು, ಎತ್ತಿನ ಗಾಡಿ ಸಿಕ್ಕಿದ್ದರಲ್ಲಿ ಊರು ಬಿಟ್ಟರು. 1897ರ ಆರಂಭದ ವೇಳೆಗೆ ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದ ನಗರ ಅರ್ಧದಷ್ಟು ಬರಿದಾಗಿತ್ತೆಂದು ಅಂದಾಜು. ಗಿರಣಿಗಳ ಯಂತ್ರಗಳು ಕಾರ್ಮಿಕರಿಲ್ಲದೆ ನಿಂತವು. 2020ರ ಕೊರೊನಾ ಕಾಲದಲ್ಲಿ ಊರಿನ ದಾರಿ ಹಿಡಿದ ಸಾವಿರಾರು ಮಂದಿಯನ್ನು ಕಣ್ಣಾರೆ ಕಂಡ ನಮಗೆ ಆ ಚಿತ್ರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಸರಕಾರದ ಕರೆಯ ಮೇರೆಗೆ ಹಾಫ್‌ಕಿನ್ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಗೆ ಬಂದರು. ಬೈಕಲಾದಲ್ಲಿರುವ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ ಮತ್ತು ಅದರ ಮುಂದಿನ ಪಡಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಬಲದೊಂದಿಗೆ ಹಗಲಿರುಳು ದುಡಿದು ಮೂರು ತಿಂಗಳೊಳಗೆ ಪ್ಲೇಗ್ ವಿರುದ್ಧದ ಲಸಿಕೆಯನ್ನು ಸಿದ್ಧಪಡಿಸಿದರು. ಅವರೊಂದಿಗಿದ್ದ ಸಹಾಯಕರಲ್ಲಿ ಕೆಲವರು ಒತ್ತಡ ತಾಳಲಾರದೆ ಕೆಲಸ ಬಿಟ್ಟರೂ ಅವರು ನಿಲ್ಲಿಸಲಿಲ್ಲ.

ಲಸಿಕೆಯ ತಯಾರಿಕೆಯಲ್ಲಿ ಅವರು ತೋರಿದ ಸೂಕ್ಷ್ಮತೆ ಗಮನಾರ್ಹವಾದುದು. ರೋಗಾಣುಗಳನ್ನು ಬೆಳೆಸಲು ಮಾಂಸದ ಸಾರು ಬೇಕಾಗುತ್ತಿತ್ತು. ಈ ದೇಶದ ಹಿಂದೂ ಮುಸಲ್ಮಾನರಿಬ್ಬರ ಭಾವನೆಗೂ ನೋವಾಗಬಾರದೆಂದು ಅವರು ಗೋಮಾಂಸ, ಹಂದಿಮಾಂಸಗಳನ್ನು ದೂರವಿರಿಸಿ ಆಡಿನ ಮಾಂಸವನ್ನು ಬಳಸಿದರು. ಆ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಅವುಗಳ ಅಡಿಯಿಂದ ಪ್ಲೇಗ್ ರೋಗಾಣುಗಳು ಬಿಳಲುಗಳಂತೆ ಕೆಳಗಿಳಿದು ಬೆಳೆಯುವುದನ್ನು ಅವರು ಕಂಡುಕೊಂಡಿದ್ದರು. ಮುಂದೆ ತುಪ್ಪದ ಬದಲು ಕೊಬ್ಬರಿ ಎಣ್ಣೆಯೂ ಬಳಕೆಗೆ ಬಂತು. ಹೀಗೆ ವಾರಗಳ ಕಾಲ ಬೆಳೆದ ರೋಗಾಣುಗಳನ್ನು ಬಿಸಿಮಾಡಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗಳಲ್ಲಿ ತುಂಬಲಾಗುತ್ತಿತ್ತು. ಸತ್ತ ರೋಗಾಣುಗಳು ದೇಹದೊಳಗೆ ರೋಗವನ್ನು ಹುಟ್ಟಿಸಲಾರವು; ಆದರೆ ಶತ್ರುವಿನ ಗುರುತನ್ನು ದೇಹಕ್ಕೆ ಕಲಿಸಿಕೊಡುತ್ತವೆ. ಲಸಿಕೆಯ ತತ್ತ್ವ ಇದೇ.

1897ರ ಜನವರಿ 10ರಂದು ಹಾಫ್‌ಕಿನ್ ಈ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು, ಅದೂ ಇತರರಿಗೆ ಕೊಡಬೇಕೆಂದಿದ್ದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಜ್ವರ ಮತ್ತು ಮೈಕೈ ನೋವನ್ನು ಸಹಿಸಿಕೊಂಡು ಎಂದಿನಂತೆ ಕೆಲಸಕ್ಕೆ ಹಾಜರಾದರು. ಆ ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಒಂದೇ ಆಹಾರ, ಒಂದೇ ವಸತಿಯಲ್ಲಿದ್ದ ಇತರ ಕೈದಿಗಳಿಗೆ ಹೋಲಿಸಿದರೆ ಲಸಿಕೆ ಪಡೆದವರಲ್ಲಿ ಹೊಸದಾಗಿ ರೋಗ ತಗುಲಿದ್ದು ಬಹಳ ಕಡಿಮೆ. ಲಸಿಕೆಯಿಂದ ಸಂಪೂರ್ಣ ರಕ್ಷಣೆ ದೊರೆಯುವುದಿಲ್ಲವೆಂಬುದನ್ನು ಹಾಫ್‌ಕಿನ್ ಎಂದೂ ಮರೆಮಾಚಲಿಲ್ಲ. ಆದರೆ ರೋಗ ತಗಲುವ ಸಂಭವವನ್ನೂ, ತಗುಲಿದವರು ಸಾಯುವ ಸಂಭವವನ್ನೂ ಅದು ಬಹಳಷ್ಟು ಕುಗ್ಗಿಸುತ್ತದೆಂಬುದು ಸ್ಪಷ್ಟವಾಗಿತ್ತು.

ವಿಶ್ವಾಸದ ಸೇತುವೆ

ಆ ದಿನಗಳಲ್ಲಿ ಸರಕಾರದ ಪ್ಲೇಗ್ ನಿಯಂತ್ರಣದ ಕ್ರಮಗಳು ಜನರಲ್ಲಿ ರೋಗಕ್ಕಿಂತ ಹೆಚ್ಚಿನ ಭಯವನ್ನು ಹುಟ್ಟಿಸಿದ್ದವು. ಮನೆಗಳ ಶೋಧ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ಯುವುದು, ನಿಲ್ದಾಣಗಳಲ್ಲಿ ಹೆಂಗಸರ ಪರೀಕ್ಷೆ, ಸಾಮಾನು ಸರಂಜಾಮುಗಳನ್ನು ಸುಡುವುದು ಇವೆಲ್ಲ ಆಕ್ರೋಶಕ್ಕೆ ಕಾರಣವಾದವು. ಪುಣೆಯಲ್ಲಿ 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದ ಪ್ರಸಂಗ ಇತಿಹಾಸಪ್ರಸಿದ್ಧ. 1898ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಲ್ಲಿಯೂ ಗಲಭೆಗಳಾದವು.

ಇಂತಹ ವಾತಾವರಣದಲ್ಲಿ ಸರಕಾರದ ವೈದ್ಯರೊಬ್ಬರು ತಂದ ಸೂಜಿಯನ್ನು ಜನ ನಂಬಿದ್ದು ಹೇಗೆ? ಇಲ್ಲಿ ಸಮುದಾಯದ ಹಿರಿಯರ ಪಾತ್ರ ಬಹು ದೊಡ್ಡದು. ಖೋಜಾ ಸಮಾಜದ ಧರ್ಮಗುರುಗಳಾದ ಮೂರನೆಯ ಆಗಾಖಾನ್ ಅವರು ಆಗಿನ್ನೂ ಇಪ್ಪತ್ತರ ತರುಣ. ಅವರು ತಮ್ಮ ಅನುಯಾಯಿಗಳ ಸಮ್ಮುಖದಲ್ಲಿಯೇ ಲಸಿಕೆ ಹಾಕಿಸಿಕೊಂಡರು. ಅಷ್ಟೇ ಅಲ್ಲದೆ ಮಜಗಾಂವ್‌ನಲ್ಲಿದ್ದ ತಮ್ಮ ಖುಶ್ರೂ ಲಾಡ್ಜ್ ಎಂಬ ಬಂಗಲೆಯನ್ನು ಪ್ರಯೋಗಾಲಯಕ್ಕಾಗಿ ಬಿಟ್ಟುಕೊಟ್ಟರು. ಮುಂಬಯಿಯ ಖೋಜಾ ಸಮಾಜದ ಸಾವಿರಾರು ಮಂದಿ ತಮ್ಮ ಗುರುವನ್ನು ಅನುಸರಿಸಿದರು. ಆ ಸಮಾಜದಲ್ಲಿ ಪ್ಲೇಗ್ ಸಾವುಗಳು ಇಳಿದದ್ದನ್ನು ಕಂಡು ಇತರ ಸಮಾಜಗಳವರೂ ಮುಂದೆ ಬಂದರು. ಸರಕಾರದ ಆಜ್ಞೆಯಿಂದ ಆಗದ ಕೆಲಸ ತಮ್ಮವರೊಬ್ಬರ ನಡೆಯಿಂದ ಆಯಿತು. ಸಂಘ ಸಂಸ್ಥೆಗಳನ್ನು ನಡೆಸುವ ನಾವೆಲ್ಲರೂ ನೆನಪಿನಲ್ಲಿಡಬೇಕಾದ ಸಂಗತಿ ಇದು.

1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಂದರ್ಭದಲ್ಲಿ ಹಾಫ್‌ಕಿನ್ ಅವರಿಗೆ ಸಿ.ಐ.ಇ. ಬಿರುದು ಲಭಿಸಿತು. 1899ರ ಆಗಸ್ಟ್ 10ರಂದು ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅವರು ಪರೇಲಿನ ಹಳೆಯ ಗವರ್ನರರ ನಿವಾಸದಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯವನ್ನು ಉದ್ಘಾಟಿಸಿದರು. ಒಂದು ಕೋಣೆ, ಒಂದು ಪಡಸಾಲೆಯಿಂದ ಆರಂಭವಾದ ಕೆಲಸಕ್ಕೆ ಮೂರೇ ವರ್ಷಗಳಲ್ಲಿ ಅರಮನೆಯಂತಹ ನೆಲೆ ದೊರೆಯಿತು. ಹಾಫ್‌ಕಿನ್ ಅದರ ಪ್ರಥಮ ನಿರ್ದೇಶಕರಾದರು.

ಕನ್ನಡ ನಾಡಿನಲ್ಲಿ

ರೈಲು ಮಾರ್ಗವನ್ನು ಹಿಡಿದು ಪ್ಲೇಗ್ ಕನ್ನಡ ನಾಡಿಗೂ ಕಾಲಿಟ್ಟಿತು. ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆ ತೀವ್ರವಾಗಿ ನಲುಗಿತು. ರೈಲ್ವೆಯ ದೊಡ್ಡ ಕೇಂದ್ರವೂ ಹತ್ತಿಯ ವ್ಯಾಪಾರದ ಪಟ್ಟಣವೂ ಆಗಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ರೋಗ ಉಗ್ರರೂಪ ತಾಳಿತು. ಹಾಫ್‌ಕಿನ್ ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಗೆ ವಿಶೇಷ ಸ್ಥಾನವಿದೆ. ಮುಂಬಯಿಯಲ್ಲಿ ತಯಾರಾದ ಲಸಿಕೆಯನ್ನು ಒಂದು ಇಡೀ ಪಟ್ಟಣದ ಪ್ರಮಾಣದಲ್ಲಿ ಬಳಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಹುಬ್ಬಳ್ಳಿಯದೂ ಒಂದು. ಡಾ. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಅಲ್ಲಿನ ಹತ್ತಾರು ಸಾವಿರ ನಾಗರಿಕರು, ನೂಲಿನ ಗಿರಣಿಯ ಕಾರ್ಮಿಕರೂ ಸೇರಿದಂತೆ, ಲಸಿಕೆ ಪಡೆದರು. ಎರಡು ಬಾರಿ ಪಡೆದವರಲ್ಲಿ ಸಾವು ಕಡಿಮೆ, ಪಡೆಯದವರಲ್ಲಿ ಅತ್ಯಧಿಕ ಎಂಬುದು ಅಲ್ಲಿ ಸ್ಪಷ್ಟವಾಗಿ ಕಂಡುಬಂತು. ಲಸಿಕೆ ಪಡೆದವರಿಗೆ ಪ್ರಮಾಣಪತ್ರ ನೀಡಿ, ಪ್ರಯಾಣದ ತಡೆ ಮತ್ತು ಬಲವಂತದ ಪ್ರತ್ಯೇಕವಾಸದಿಂದ ವಿನಾಯಿತಿ ಕೊಡುವ ಪದ್ಧತಿಯೂ ಆ ಕಾಲದಲ್ಲಿ ಜಾರಿಯಲ್ಲಿತ್ತು.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೂ ಪ್ಲೇಗ್ ಬಂದಿತು. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಗಾಳಿ ಬೆಳಕಿರುವ ಬಡಾವಣೆಗಳಾಗಿ ಮಲ್ಲೇಶ್ವರ ಮತ್ತು ಬಸವನಗುಡಿಗಳು ರೂಪುಗೊಂಡದ್ದು ಇದೇ ಸಂದರ್ಭದಲ್ಲಿ. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಕಥೆಯನ್ನು ನಮ್ಮ ಅಜ್ಜ ಅಜ್ಜಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಕನ್ನಡ ನಾಡಿನ ಹಲವೆಡೆ ಇಂದಿಗೂ ಇರುವ ಪ್ಲೇಗ್ ಅಮ್ಮನ ಗುಡಿಗಳು ಆ ಭಯಂಕರ ಕಾಲದ ಸಾಕ್ಷಿಗಳು. ಒಂದೆಡೆ ಅಮ್ಮನ ಮೊರೆ, ಇನ್ನೊಂದೆಡೆ ಪರೇಲಿನಿಂದ ಬಂದ ಸೀಸೆಗಳು. ಈ ಎರಡನ್ನೂ ಹಿಡಿದುಕೊಂಡೇ ನಮ್ಮ ಹಿರಿಯರು ಆ ಕಾಲವನ್ನು ದಾಟಿದರು.

ಒಂದು ಸೀಸೆಯ ದುರಂತ

1902ರ ಹೊತ್ತಿಗೆ ಪ್ಲೇಗ್ ಪಂಜಾಬನ್ನು ಆವರಿಸಿತ್ತು. ಅಲ್ಲಿನ ಸರಕಾರ ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕಿಸುವ ಬೃಹತ್ ಯೋಜನೆಯನ್ನು ಕೈಗೊಂಡಿತು. ಬೇಡಿಕೆಯನ್ನು ಪೂರೈಸಲು ಪರೇಲಿನ ಪ್ರಯೋಗಾಲಯ ತಯಾರಿಕೆಯ ವಿಧಾನದಲ್ಲಿ ಒಂದು ಬದಲಾವಣೆ ಮಾಡಿತು. ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಶಾಖದಿಂದಲೇ ಶುದ್ಧೀಕರಿಸುವ ಕ್ರಮವನ್ನು ಅನುಸರಿಸಲಾಯಿತು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಆಗಲೇ ರೂಢಿಯಲ್ಲಿದ್ದ ಕ್ರಮವದು.

ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಈಗ ಪಾಕಿಸ್ತಾನದಲ್ಲಿರುವ ಗ್ರಾಮವದು. ಅಂದು ಐದು ಸೀಸೆಗಳು ಬಳಕೆಯಾದವು. ಅವುಗಳಲ್ಲಿ 53-ಎನ್ ಎಂಬ ಗುರುತಿನ ಸೀಸೆಯಿಂದ ಲಸಿಕೆ ಪಡೆದ 19 ಮಂದಿಗೆ ಒಂದು ವಾರದೊಳಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಮಂದಿಯೂ ಮರಣ ಹೊಂದಿದರು. ಉಳಿದ 88 ಮಂದಿಗೆ ಏನೂ ಆಗಲಿಲ್ಲ.

ನಂಬಿ ತೋಳು ಚಾಚಿದ ಹತ್ತೊಂಬತ್ತು ಬಡ ಜೀವಗಳು ಹೋದದ್ದು ಸಣ್ಣ ಸಂಗತಿಯಲ್ಲ. ಸುದ್ದಿ ಹಬ್ಬಿದಂತೆ ಲಸಿಕೆಯ ಕಾರ್ಯ ಕುಸಿಯಿತು. ದೋಷ ಎಲ್ಲಿ ನಡೆಯಿತು, ಪರೇಲಿನಲ್ಲೋ ಮುಲ್ಕೋವಾಲ್‌ನಲ್ಲೋ ಎಂಬುದನ್ನು ನಿರ್ಣಯಿಸಲು ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯಲ್ಲಿ ತನಿಖಾ ಆಯೋಗವೊಂದು ನೇಮಕವಾಯಿತು. ಸೀಸೆಯನ್ನು ತೆರೆಯುವ ಮುನ್ನವೇ ಅದರೊಳಗೆ ಧನುರ್ವಾಯುವಿನ ರೋಗಾಣು ಸೇರಿತ್ತೆಂಬ ನಿರ್ಣಯಕ್ಕೆ ಆಯೋಗ ಬಂದಿತು. ಅಂದರೆ ದೋಷ ಪರೇಲಿನ ಪ್ರಯೋಗಾಲಯದ್ದು, ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟ ನಿರ್ದೇಶಕರದು. ಹಾಫ್‌ಕಿನ್ ಅವರನ್ನು ಅಧಿಕಾರದಿಂದ ದೂರವಿರಿಸಲಾಯಿತು. 1904ರಲ್ಲಿ ಅವರು ಮುಂಬಯಿಯನ್ನು ಬಿಟ್ಟು ಲಂಡನ್ನಿಗೆ ಹೊರಟುಹೋದರು.

ವಿಳಂಬವಾಗಿ ಬಂದ ನ್ಯಾಯ

ಆದರೆ ತನಿಖೆಯಲ್ಲಿಯೇ ದಾಖಲಾಗಿದ್ದ ಕೆಲವು ಸಂಗತಿಗಳಿಗೆ ತಕ್ಕ ಬೆಲೆ ಸಿಕ್ಕಿರಲಿಲ್ಲ. ಮುಲ್ಕೋವಾಲ್‌ನಲ್ಲಿ ಆ ಸೀಸೆಯ ಬಿರಡೆಯನ್ನು ತೆಗೆಯಲು ಬಳಸಿದ ಚಿಮುಟ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧೀಕರಿಸದೆ, ಔಷಧದ ದ್ರಾವಣದಲ್ಲಿ ಒಮ್ಮೆ ಅಲುಗಿಸಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣುಗಳು ವಾಸಿಸುವುದೇ ಮಣ್ಣಿನಲ್ಲಿ, ದನಕರುಗಳು ಓಡಾಡುವ ನೆಲದಲ್ಲಿ. ಇನ್ನೊಂದು ಸಂಗತಿಯೂ ಇತ್ತು. ಆ ಸೀಸೆ ತಯಾರಾಗಿ 41 ದಿನಗಳಾಗಿದ್ದವು. ಅಷ್ಟು ದಿನ ಅದರೊಳಗೆ ಆ ರೋಗಾಣು ಬೆಳೆದಿದ್ದರೆ ತೆರೆದೊಡನೆ ದುರ್ವಾಸನೆ ಬರಬೇಕಿತ್ತು. ಸೀಸೆಯನ್ನು ತೆರೆದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ತಜ್ಞರು ಸಾಕ್ಷ್ಯಗಳನ್ನು ಮರುಪರಿಶೀಲಿಸಿ ಆಯೋಗದ ನಿರ್ಣಯವನ್ನು ಒಪ್ಪಲಿಲ್ಲ. ಹೀಗಿದ್ದರೂ ತನಿಖೆಯ ದಾಖಲೆಗಳು ಸಾರ್ವಜನಿಕವಾಗಿ ಪ್ರಕಟವಾದದ್ದು 1906ರ ಕೊನೆಯ ವೇಳೆಗೆ. ಅಲ್ಲಿಯವರೆಗೆ ಹಾಫ್‌ಕಿನ್ ಕಳಂಕವನ್ನು ಹೊತ್ತೇ ಬದುಕಬೇಕಾಯಿತು.

ಅವರ ಪರವಾಗಿ ಎದ್ದು ನಿಂತವರಲ್ಲಿ ಪ್ರಮುಖರು ಸರ್ ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ಕಂಡುಹಿಡಿದು 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಇವರು ಹಿಂದೆ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಗಾಗಿ ದುಡಿದವರು. ನಿರಪರಾಧಿ ವಿಜ್ಞಾನಿಯ ಮೇಲಿನ ಆರೋಪವನ್ನು ಹಾಗೆಯೇ ಬಿಟ್ಟರೆ ಲಸಿಕೆಯ ಮೇಲಿನ ಜನರ ನಂಬಿಕೆಯೂ ನಾಶವಾಗುವುದೆಂಬುದು ಅವರ ವಾದ. 1907ರ ಜುಲೈ ತಿಂಗಳಲ್ಲಿ ರಾಸ್ ಸೇರಿದಂತೆ ಹತ್ತು ಮಂದಿ ರೋಗಾಣು ಶಾಸ್ತ್ರಜ್ಞರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸಹಿ ಮಾಡಿ ಪತ್ರ ಬರೆದು, ಹಾಫ್‌ಕಿನ್ ಅವರ ಮೇಲಿನ ಆರೋಪಕ್ಕೆ ಆಧಾರವಿಲ್ಲವೆಂದು ಸಾರಿದರು. ಬ್ರಿಟಿಷ್ ಸಂಸತ್ತಿನಲ್ಲಿಯೂ ವಿಷಯ ಪ್ರಸ್ತಾಪವಾಯಿತು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಸರಕಾರ ಅವರನ್ನು ದೋಷಮುಕ್ತಗೊಳಿಸಿ ಮತ್ತೆ ಭಾರತದಲ್ಲಿ ಸೇವೆಗೆ ಆಹ್ವಾನಿಸಿತು.

ನ್ಯಾಯ ಬಂತು, ಆದರೆ ಐದು ವರ್ಷಗಳು ಕಳೆದುಹೋಗಿದ್ದವು. ಮುಂಬಯಿಯ ಹುದ್ದೆಯಲ್ಲಿ ಬೇರೊಬ್ಬರಿದ್ದರು. ಹಾಫ್‌ಕಿನ್ ಕಲಕತ್ತೆಯ ಪ್ರಯೋಗಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಅವರಿಗೆ ಹೊಸ ಲಸಿಕೆಗಳನ್ನು ಜನರ ನಡುವೆ ಪರೀಕ್ಷಿಸುವ ಅವಕಾಶವಿರಲಿಲ್ಲ. ಪ್ರಯೋಗಾಲಯದೊಳಗಿನ ಸಂಶೋಧನೆಗಷ್ಟೇ ಅನುಮತಿಯಿತ್ತು. ಜನರ ನಡುವೆ ನಿಂತು ಕೆಲಸ ಮಾಡಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ನಿರಾಶೆ ಮತ್ತೇನಿದ್ದೀತು?

ಅವರಿಲ್ಲದ ಆ ವರ್ಷಗಳಲ್ಲಿ ಪರೇಲಿನ ಪ್ರಯೋಗಾಲಯದ ಕೆಲಸ ನಿಂತಿರಲಿಲ್ಲ. ಪ್ಲೇಗ್ ಇಲಿಯ ಮೈಮೇಲಿನ ಚಿಗಟಗಳಿಂದ ಮನುಷ್ಯರಿಗೆ ಹರಡುವುದನ್ನು ಫ್ರೆಂಚ್ ವಿಜ್ಞಾನಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಸೂಚಿಸಿದ್ದರು. 1905ರಿಂದ ಪರೇಲಿನಲ್ಲಿ ಕೆಲಸ ಆರಂಭಿಸಿದ ಪ್ಲೇಗ್ ಸಂಶೋಧನಾ ಆಯೋಗ ಅದನ್ನು ನಿಸ್ಸಂದೇಹವಾಗಿ ಸ್ಥಾಪಿಸಿತು. ಇಲಿ ಬಿದ್ದರೆ ಊರು ಬಿಡಬೇಕೆಂಬ ನಮ್ಮ ಹಳ್ಳಿಗರ ಅನುಭವದ ಮಾತಿಗೆ ಶಾಸ್ತ್ರದ ಸಮರ್ಥನೆ ಹೀಗೆ ಪರೇಲಿನಲ್ಲಿಯೇ ದೊರೆಯಿತು.

ಕೊನೆಯ ದಿನಗಳು

1914ರಲ್ಲಿ ಹಾಫ್‌ಕಿನ್ ನಿವೃತ್ತರಾಗಿ ಭಾರತವನ್ನು ಬಿಟ್ಟರು. ಅವಿವಾಹಿತರಾಗಿದ್ದ ಅವರು ಉಳಿದ ಕಾಲವನ್ನು ಹೆಚ್ಚಾಗಿ ಫ್ರಾನ್ಸ್‌ನಲ್ಲಿ ಕಳೆದರು. ಧಾರ್ಮಿಕ ಆಚರಣೆಗಳಲ್ಲಿ ಶ್ರದ್ಧೆ ಬೆಳೆಸಿಕೊಂಡು, ತಮ್ಮ ಜನಾಂಗದ ಪರಂಪರೆಯನ್ನು ಕುರಿತು 1916ರಲ್ಲಿ ದೀರ್ಘ ಲೇಖನವನ್ನೂ ಪ್ರಕಟಿಸಿದರು. ತಾರುಣ್ಯದಲ್ಲಿ ಹುದ್ದೆಗಾಗಿ ಬಿಡಲೊಪ್ಪದ ಧರ್ಮ ಇಳಿವಯಸ್ಸಿನಲ್ಲಿ ಅವರಿಗೆ ಆಸರೆಯಾಯಿತು.

1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂಬ ಹೆಸರನ್ನಿಡಲಾಯಿತು. ದೂರದಲ್ಲಿದ್ದ ಹಾಫ್‌ಕಿನ್ ಈ ಸುದ್ದಿಯನ್ನು ತಿಳಿದು ಸಂತೋಷಪಟ್ಟರು. ತಮ್ಮ ಬಾಳಿನ ಶ್ರೇಷ್ಠ ವರ್ಷಗಳನ್ನು ಮುಂಬಯಿಯ ಕಾರ್ಯಕ್ಕೆ ಕೊಟ್ಟೆನೆಂಬ ಭಾವ ಅವರಲ್ಲಿತ್ತು. 1897ರಿಂದ 1925ರವರೆಗೆ ಮುಂಬಯಿಯಿಂದ ಹೊರಟ ಪ್ಲೇಗ್ ಲಸಿಕೆಯ ಪ್ರಮಾಣಗಳ ಸಂಖ್ಯೆ ಸುಮಾರು 2 ಕೋಟಿ 60 ಲಕ್ಷ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ರೋಗದೆದುರು ಆ ಲಸಿಕೆ ಎಷ್ಟು ಮನೆಗಳ ದೀಪವನ್ನು ಉಳಿಸಿತೆಂಬುದನ್ನು ಎಣಿಸುವುದು ಅಸಾಧ್ಯ.

1928ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರಕ್ಕೆ ತೆರಳಿದ ಹಾಫ್‌ಕಿನ್, ತಮ್ಮ ಸಂಪತ್ತಿನಿಂದ ಪೂರ್ವ ಯೂರೋಪಿನ ಯಹೂದಿ ಪಾಠಶಾಲೆಗಳ ನೆರವಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. 1930ರ ಅಕ್ಟೋಬರ್ 26ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು. 1964ರಲ್ಲಿ ಭಾರತ ಸರಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದು ಗೌರವ ಸಲ್ಲಿಸಿತು.

ನಮಗೆ ಉಳಿದ ಪಾಠ

ಇಂದು ಪ್ಲೇಗ್‌ಗೆ ಗುಣಕಾರಿಯಾದ ಔಷಧಗಳಿವೆ. ಬೇಗನೆ ಗುರುತಿಸಿ ಚಿಕಿತ್ಸೆ ಕೊಟ್ಟರೆ ರೋಗಿ ಉಳಿಯುತ್ತಾನೆ. ಹಾಫ್‌ಕಿನ್ ಅವರ ಆ ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಆದರೆ ಭಯ ಮಾತ್ರ ಹಳತಾಗುವುದಿಲ್ಲ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಲಕ್ಷಾಂತರ ಜನ ನಗರವನ್ನು ಬಿಟ್ಟು ಓಡಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ. 2021ರಲ್ಲಿ ಕೊರೊನಾ ಲಸಿಕೆ ಬಂದಾಗ ಹಾಕಿಸಿಕೊಳ್ಳಬೇಕೋ ಬೇಡವೋ ಎಂಬ ಅಳುಕು ನಮ್ಮ ಮನೆಗಳಲ್ಲಿಯೂ ಇತ್ತು. ಆಗ ಮನೆಯ ಹಿರಿಯರೊಬ್ಬರು, ಪರಿಚಯದ ವೈದ್ಯರೊಬ್ಬರು, ಸಂಘದ ಕಾರ್ಯಕರ್ತರೊಬ್ಬರು ತಾವು ಹಾಕಿಸಿಕೊಂಡು ಬಂದು ಹೇಳಿದ ಮಾತೇ ಅನೇಕರಿಗೆ ಧೈರ್ಯ ಕೊಟ್ಟಿತು. ನೂರಾ ಇಪ್ಪತ್ತು ವರ್ಷಗಳ ಹಿಂದೆ ಬೈಕಲಾದಲ್ಲಿ, ಮಜಗಾಂವ್‌ನಲ್ಲಿ ನಡೆದದ್ದೂ ಇದೇ.

ಹಾಗೆಯೇ ಮುಲ್ಕೋವಾಲ್ ಕೂಡ ನಮ್ಮ ನೆನಪಿನಲ್ಲಿರಬೇಕು. ತಪ್ಪು ನಡೆದಾಗ ಅದನ್ನು ಮುಚ್ಚಿಡದೆ ಶೋಧಿಸುವುದು, ಶೋಧಿಸಿದ್ದನ್ನು ವಿಳಂಬವಿಲ್ಲದೆ ಜನರ ಮುಂದಿಡುವುದು, ನಿರಪರಾಧಿಯನ್ನು ಬಲಿಗೊಡದಿರುವುದು ಇವು ಜನಾರೋಗ್ಯದ ಅಂಗಗಳೇ. ನೆಲಕ್ಕೆ ಬಿದ್ದ ಒಂದು ಚಿಮುಟವನ್ನು ಕುದಿಯುವ ನೀರಿಗೆ ಹಾಕುವ ಸಣ್ಣ ಶ್ರದ್ಧೆಯ ಮೇಲೆ ಹತ್ತೊಂಬತ್ತು ಜೀವಗಳು, ಒಬ್ಬ ವಿಜ್ಞಾನಿಯ ಮಾನ ಮತ್ತು ಲಕ್ಷಾಂತರ ಜನರ ನಂಬಿಕೆ ನಿಂತಿದ್ದವು.

ಮುಂದಿನ ಸಲ ಯಾರನ್ನಾದರೂ ಆಸ್ಪತ್ರೆಯಲ್ಲಿ ಕಾಣಲು ಪರೇಲಿಗೆ ಹೋದಾಗ ಆ ಹಳೆಯ ಕಟ್ಟಡದ ಕಡೆಗೆ ಒಮ್ಮೆ ಕಣ್ಣು ಹಾಯಿಸೋಣ, ಜತೆಗಿರುವ ಮಕ್ಕಳಿಗೆ ಅದರ ಹೆಸರಿನ ಹಿಂದಿನ ಕಥೆಯನ್ನು ಹೇಳೋಣ. ಎಲ್ಲಿಯೋ ಹುಟ್ಟಿ, ನಮ್ಮ ಜನರಿಗಾಗಿ ಮೊದಲು ತನ್ನ ತೋಳನ್ನೇ ಒಡ್ಡಿದ ಆ ಮಹಾನುಭಾವನಿಗೆ ಈ ನಗರದ ಅನ್ನ ಉಣ್ಣುವ ಕನ್ನಡಿಗರಾದ ನಾವೂ ಋಣಿಗಳು.